ಹತ್ತೊಂಬತ್ತನೇ ತಾರೀಖಿನ ಮತ್ಸರ

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ, ಯಾಕೆಂದರೆ ಹೊಟ್ಟೆಕಿಚ್ಚಿನಲ್ಲೂ ನಾನು ಒಂದು ಶಿಸ್ತು ಇಟ್ಟುಕೊಂಡವನು. ಕಂಡಕಂಡದ್ದಕ್ಕೆಲ್ಲ ಕರುಬುವವರ ಪೈಕಿ ನಾನಲ್ಲ. ನನ್ನ ಹಿಂದೆ ನೌಕರಿಗೆ ಸೇರಿದವನು ನನಗಿಂತ ಮುಂಚೆ ಬಡ್ತಿ ಪಡೆದಾಗ ಅವನು ಹಂಚಿದ ಪೇಢೆಯನ್ನು ಎರಡು ಸಲ ಕೈಯೊಡ್ಡಿ ತಿಂದಿದ್ದೇನೆ. ಎದುರು ಮನೆಗೆ ಕಲರ್ ಟೀವಿ ಬಂದಾಗ ಸಂಸಾರ ಸಮೇತ ಹೋಗಿ ಮುಂದಿನ ಸಾಲಿನಲ್ಲೇ ಕೂತಿದ್ದೇನೆ. ನನ್ನ ಷಡ್ಡಕ ಹುಬ್ಬಳ್ಳಿಯಲ್ಲಿ ಸ್ವಂತ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಕರೆದಾಗ, ಬಾಗಿಲಿನ ಚೌಕಟ್ಟು ಸ್ವಲ್ಪ ಓರೆಯಾಗಿದೆ ಎಂಬುದನ್ನು ನೋಡಿಯೂ ನೋಡದವನಂತೆ ಊಟ ಮಾಡಿ ಬಂದಿದ್ದೇನೆ. ಇಷ್ಟೆಲ್ಲ ದೊಡ್ಡ ಮನಸ್ಸಿನ ನಾನು, ಯಾರಾದರೂ ಬಂದು "ನಾನು ದಿನಾ ಒಂದಿಷ್ಟು ಬರೀತೀನಿ" ಎಂದರೆ ಮಾತ್ರ ಅವತ್ತು ಊಟ ಬಿಡುತ್ತೇನೆ. ಅಂಥವರು ಚೆನ್ನಾಗಿ ಬರೆಯುತ್ತಾರೆಯೇ ಎಂಬುದು ನನಗೆ ಮುಖ್ಯವಲ್ಲ. ದಿನಾ ಬರೆಯುತ್ತಾರೆ ಎನ್ನುವುದನ್ನೇ ನನಗೆ ಸಹಿಸಲಾಗುವುದಿಲ್ಲ.

ನನ್ನ ಸ್ಥಿತಿ ಹೇಳಿದರೆ ನಿಮಗೂ ಅಯ್ಯೋ ಅನಿಸೀತು. ಬಾಗಲಕೋಟೆಯ ಕಡೆಯವನಾದ ನಾನು ಕೇಂದ್ರ ಸರ್ಕಾರದ ಒಂದು ಕಚೇರಿಯ ಗುಮಾಸ್ತನಾಗಿ ನಾಗಪುರಕ್ಕೆ ಬಂದು ಆಗ ಒಂಬತ್ತು ವರ್ಷ. ಮಹಾಲ್ ಎಂಬ ಹಳೆಯ ಪೇಟೆಯ ಒಂದು ಓಣಿಯಲ್ಲಿ, ಅಂಗಳದ ಸುತ್ತ ಏಳೆಂಟು ಬಿಡಾರಗಳಿದ್ದ ಹಳೆಯ ವಾಡೆಯೊಂದರ ಮೇಲಂತಸ್ತಿನಲ್ಲಿ ನಮ್ಮ ಎರಡು ಕೋಣೆಯ ಮನೆ. ನನ್ನ ಅಡ್ಡಹೆಸರು ಕುಲಕರ್ಣಿ. ಕುಲಕರ್ಣಿ ಎಂದರೆ ಮರಾಠಿಯವನೇ ಎಂದು ಅಲ್ಲಿಯವರ ಗಟ್ಟಿ ನಂಬಿಕೆ. ಹಾಗಾಗಿ ನನ್ನ ಮರಾಠಿ ಕೇಳಿದವರು ಇವನು ಬೇರೆ ಭಾಷೆಯವನು ಎಂದುಕೊಳ್ಳುತ್ತಿರಲಿಲ್ಲ, ಪಾಪ ಸಣ್ಣವನಿದ್ದಾಗ ಏನೋ ಜಡ್ಡಾಗಿ ನಾಲಿಗೆ ಹಿಂಗಾಗಿರಬೇಕು ಎಂದುಕೊಂಡು ಮೆಲ್ಲಗೆ, ಬಿಡಿಸಿ ಬಿಡಿಸಿ ಮಾತಾಡುತ್ತಿದ್ದರು. ನನ್ನ ಹೆಂಡತಿ ಸುಮಿತ್ರಾ ಬೆಳಗಾವಿಯವಳು. ಅವಳ ಮರಾಠಿ ನೀರು ಕುಡಿದಷ್ಟು ಸಲೀಸು. ಹೀಗಾಗಿ ಓಣಿಯ ಸುದ್ದಿಯೆಲ್ಲ ಮೊದಲು ಅವಳ ಕಿವಿಗೆ ಬಿದ್ದು, ಅವಳಿಗೆ ಬೇಕಾದದ್ದನ್ನು ಸೋಸಿ ಉಳಿದದ್ದು ನನಗೆ ಬರುತ್ತಿತ್ತು.

ಆ ಒಂಬತ್ತು ವರ್ಷದಲ್ಲಿ ಒಂದು ಕನ್ನಡ ವಾರಪತ್ರಿಕೆಯಲ್ಲಿ ನನ್ನ ಮೂರು ಪ್ರಬಂಧಗಳು ಅಚ್ಚಾಗಿದ್ದವು. ಮೂರು ವರ್ಷಕ್ಕೊಂದು. ನಾಲ್ಕನೆಯದನ್ನು ವಾಪಸು ಕಳಿಸುತ್ತಾ ಸಂಪಾದಕರು ಒಂದು ಕಾರ್ಡು ಬರೆದಿದ್ದರು. "ನಿಮ್ಮಲ್ಲಿ ಹಾಸ್ಯವಿದೆ, ಆದರೆ ಕೈ ಪಳಗಿಲ್ಲ. ದಿನಾ ಬರೆಯುವ ರೂಢಿ ಮಾಡಿಕೊಳ್ಳಿ." ನಾನು ಮೊದಲನೆಯ ವಾಕ್ಯದ ಮೊದಲನೆಯ ಅರ್ಧವನ್ನು ಸುಮಿತ್ರಾಳಿಗೆ ಓದಿ ಹೇಳಿದೆ. ಅವಳು ಕಾರ್ಡು ಇಸಕೊಂಡು ಉಳಿದದ್ದನ್ನು ತಾನೇ ಓದಿಕೊಂಡಳು. ಅವಳು ನನ್ನ ಮೂರು ಪ್ರಬಂಧಗಳನ್ನೂ ಓದಿದ್ದಳು. ನಡುನಡುವೆ ನಾನು ಅವಳ ಮುಖವನ್ನೇ ನೋಡುತ್ತಾ ಕೂತಿರುತ್ತಿದ್ದೆ, ಎಲ್ಲಾದರೂ ಒಂದು ಕಡೆ ತುಟಿ ಅರಳೀತೇ ಎಂದು. ಓದಿ ಮುಗಿಸಿ ಮಡಚಿಟ್ಟು, "ಅಕ್ಷರ ತಪ್ಪಿಲ್ಲದಂಗ ಛಾಪಿಸ್ಯಾರ" ಎಂದು ಅಡುಗೆಮನೆಗೆ ಹೋಗುತ್ತಿದ್ದಳು.

ಇರಲಿ, ದಿನಾ ಬರೆಯುವ ರೂಢಿ ಎಂದೆನಲ್ಲ. ಅದಕ್ಕೆ ಮೊದಲು ಮೇಜು ಬೇಕು ಎಂದು ನನಗನಿಸಿತು. ಆದಿತ್ಯವಾರದ ಸಂತೆಯಲ್ಲಿ ತೇಗದ ಒಂದು ಹಳೆಯ ಮೇಜು ಕೊಂಡೆ. ಅದು ವಾಡೆಯ ಮೆಟ್ಟಿಲ ತಿರುವಿನಲ್ಲಿ ಹಿಡಿಯಲಿಲ್ಲ. ಕಾಲು ಮುರಿಯುವುದೋ ಮೇಜಿನ ಆಸೆ ಬಿಡುವುದೋ ಎಂದು ಚರ್ಚೆಯಾಗಿ, ಕಡೆಗೆ ಹಗ್ಗ ಕಟ್ಟಿ ಹೊರಗಿನಿಂದಲೇ ಮೇಲಕ್ಕೆಳೆದದ್ದಾಯಿತು. ಅರ್ಧ ಓಣಿ ಸೇರಿತ್ತು. ಮೇಜು ಗಾಳಿಯಲ್ಲಿ ನಿಧಾನವಾಗಿ ತಿರುಗುತ್ತಿದ್ದಾಗ ಯಾರೋ "ಇಷ್ಟು ದೊಡ್ಡ ಟೇಬಲ್ ಯಾಕೆ?" ಎಂದು ಕೇಳಿದರು. ಸುಮಿತ್ರಾ ಕಟಕಟೆಯಿಂದ ಬಗ್ಗಿ, "ಇವರು ಲೇಖಕರು, ದಿನಾ ಬರೆಯೋರಿದ್ದಾರೆ" ಎಂದು ಮರಾಠಿಯಲ್ಲಿ ಸಾರಿಬಿಟ್ಟಳು. ಆವತ್ತಿನಿಂದ ನಾನು ಓಣಿಗೆಲ್ಲ ಲೇಖಕ. ಹಗ್ಗ ಹಿಡಿದು ಎಳೆದವರೆಲ್ಲ ಎದುರು ಸಿಕ್ಕಾಗ "ಏನು ಬರೆದಿರಿ?" ಎಂದು ಕೇಳುವ ಹಕ್ಕು ಪಡೆದರು.

ಏನೂ ಬರೆಯಲಿಲ್ಲ. ಬೆಳಗಿನ ಐದಕ್ಕೆ ಎದ್ದು ಬರೆಯೋಣವೆಂದರೆ ಮಹಾಲ್‌ನಲ್ಲಿ ನಲ್ಲಿ ಬರುವುದೂ ಐದಕ್ಕೇ. ಹನ್ನೊಂದು ಕೊಡ ನೀರು ಮೆಟ್ಟಿಲು ಹತ್ತಿಸಿದ ಕೈಗೆ ಲೇಖನಿ ಹಿಡಿದರೆ ಅಕ್ಷರಗಳು ತಾವೇ ಕುಣಿಯುತ್ತವೆ. ಸಂಜೆ ಬರೆಯೋಣವೆಂದರೆ ಬೇಸಿಗೆ. ನಾಗಪುರದ ಬೇಸಿಗೆಯಲ್ಲಿ ಕೂಲರ್ ಹಾಕಿದರೆ ಅದರ ಗದ್ದಲಕ್ಕೆ ವಿಚಾರ ಓಡಿಹೋಗುತ್ತದೆ, ಹಾಳೆಗಳೂ ಅದರ ಹಿಂದೆಯೇ ಹೋಗುತ್ತವೆ. ಕೂಲರ್ ಬಂದ್ ಮಾಡಿದರೆ ಬೆವರಿಗೆ ಮಸಿ ಹರಡುತ್ತದೆ. ಕಚೇರಿಯ ಊಟದ ಬಿಡುವಿನಲ್ಲಿ ಬರೆಯೋಣವೆಂದು ವಹಿ ಒಯ್ದೆ. ಮೂರನೇ ದಿನ ನಮ್ಮ ಸೂಪರಿಂಟೆಂಡೆಂಟರು ಹತ್ತಿರ ಬಂದು, ತಾವೇ ಚಹಾ ತರಿಸಿ, "ಕುಲಕರ್ಣಿ, ಆ ರಜೆಯ ಅರ್ಜಿ ನಾನು ತಡೆದದ್ದಲ್ಲ, ಮೇಲಿನವರು ತಡೆದದ್ದು" ಎಂದು ವಿವರಿಸತೊಡಗಿದರು. ನಾನು ತಿಳಿಯದ ಲಿಪಿಯಲ್ಲಿ ಅವರ ಮೇಲೆ ದೂರು ಬರೆಯುತ್ತಿದ್ದೇನೆ ಎಂದುಕೊಂಡಿದ್ದರು. ರಜೆ ಮಂಜೂರಾಯಿತು. ನನ್ನ ಬರವಣಿಗೆಯಿಂದ ಇದುವರೆಗೆ ಆದ ಏಕೈಕ ಲಾಭ ಅದೇ. ಆ ರಜೆಯಲ್ಲಾದರೂ ಬರೆಯಬೇಕೆಂದು ಕೂತರೆ, ಮೇಜಿನ ಮೇಲೆ ಸುಮಿತ್ರಾ ಹಳೆಯ ಸೀರೆ ಹಾಸಿ ಸಂಡಿಗೆ ಒಣಗಲಿಟ್ಟಿದ್ದಳು. "ಖಾಲಿನೇ ಇತ್ತಲ್ರೀ" ಎಂದಳು.

ಹೀಗಿರುವಾಗ ನನ್ನ ಕಣ್ಣೆದುರಿಗೇ ಒಬ್ಬ ಮನುಷ್ಯ ದಿನಾ ಬರೆಯುತ್ತಿದ್ದ. ಕೆಳಗಿನ ಬಿಡಾರದ ಭಾಲೇರಾವ ಕಾಕಾ. ರೈಲ್ವೆಯ ಗೂಡ್ಸ್ ಆಫೀಸಿನಲ್ಲಿದ್ದು ನಿವೃತ್ತರಾದವರು. ವಾಡೆಯ ಹೆಬ್ಬಾಗಿಲ ಪಕ್ಕದ ಗೋಡೆಗೆ ಒಂದು ಕಪ್ಪು ಹಲಗೆ ಬಡಿದಿತ್ತು. ಮರಾಠಿ ಊರುಗಳಲ್ಲಿ ಇದೊಂದು ಪದ್ಧತಿ, ದಿನಕ್ಕೊಂದು ಸುವಿಚಾರ ಬರೆದು ಹೋಗುಬರುವವರಿಗೆ ಬುದ್ಧಿ ಹೇಳುವುದು. ಬೆಳಿಗ್ಗೆ ಆರಕ್ಕೆ ಸರಿಯಾಗಿ ಕಾಕಾ ಸ್ನಾನ ಮುಗಿಸಿ, ಬಿಳಿ ಪಾಯಿಜಾಮ ತೊಟ್ಟು, ಒದ್ದೆ ಬಟ್ಟೆಯಿಂದ ನಿನ್ನೆಯ ಸಾಲನ್ನು ಒರೆಸಿ, ಸೀಮೆಸುಣ್ಣದಿಂದ ಇವತ್ತಿನ ಸಾಲು ಬರೆಯುತ್ತಿದ್ದರು. ದುಂಡಗಿನ ಅಕ್ಷರ. ಒಂದು ಗೀರು ತಿದ್ದುವುದಿಲ್ಲ, ಒಂದು ಗಳಿಗೆ ಯೋಚಿಸುವುದಿಲ್ಲ. ಬರೆದು ಕೈ ಕೊಡವಿ ಒಳಗೆ ಹೋದರೆ ಮುಗಿಯಿತು. ಹಾಲಿನ ಕೇಂದ್ರಕ್ಕೆ ಹೋಗುವವರು, ನೀರಿಗೆ ಬರುವವರು, ಸೈಕಲ್ ಹೊಡೆಯುವವರು, ಎಲ್ಲರೂ ಅಲ್ಲಿ ಕತ್ತೆತ್ತಿ ನೋಡಿಯೇ ಮುಂದೆ ಹೋಗುತ್ತಿದ್ದರು. ನನ್ನ ಮೂರು ಪ್ರಬಂಧಗಳಿಗೆ ನಾಗಪುರದಲ್ಲಿ ಇದ್ದ ಓದುಗರು ಒಬ್ಬರು, ಅವರೂ ನಗದವರು. ಈ ಮುದುಕನ ಒಂದು ಸಾಲಿಗೆ ದಿನಾ ಇನ್ನೂರು ಜನ! ನೀರಿನ ಕೊಡ ಹೊತ್ತು ಆ ಹಲಗೆಯ ಮುಂದೆ ಹಾದುಹೋಗುವಾಗಲೆಲ್ಲ ಕೊಡಕ್ಕಿಂತ ಹೊಟ್ಟೆಯೇ ಭಾರವೆನಿಸುತ್ತಿತ್ತು.

ಒಂದು ದಿನ ಹಾಲಿನ ಸರದಿಯಲ್ಲಿ ಕಾಕಾ ನನ್ನ ಹಿಂದೆಯೇ ನಿಂತಿದ್ದರು. ಕೆಳಗಿನ ಮನೆಯ ಸಿಂಧೂತಾಯಿ, ಎಲ್ಲರ ಯೋಗಕ್ಷೇಮ ನೋಡುವ ದೊಡ್ಡ ಹೆಂಗಸು, "ಕಾಕಾ, ಇವರೂ ನಿಮ್ಮ ಹಾಗೇ ಬರೆಯುವವರು" ಎಂದು ಪರಿಚಯಿಸಿದಳು. 'ನಿಮ್ಮ ಹಾಗೇ' ಎಂಬುದನ್ನು ನುಂಗಿಕೊಂಡು ನಾನು ನಕ್ಕೆ. ಕಾಕಾ ಬಹಳ ಅಕ್ಕರೆಯಿಂದ ಕೇಳಿದರು:

"ರೋಜ್ ಲಿಹಿತಾ ಕಾ?" ದಿನಾ ಬರೀತೀರೇನು?

"ರೋಜ್ ನಾಹಿ..." ಎಂದೆ.

"ಮಗ್ ಕಸಲೇ ಲೇಖಕ?" ಹಾಗಾದರೆ ಎಂಥ ಲೇಖಕರು ನೀವು, ಎಂದು ನನ್ನ ಬೆನ್ನು ತಟ್ಟಿ ಗಟ್ಟಿಯಾಗಿ ನಕ್ಕರು. ಸರದಿಯಲ್ಲಿದ್ದವರೆಲ್ಲ ನಕ್ಕರು. ನನ್ನ ಮುಂದಿದ್ದ ಹಾಲಿನ ಕೇಂದ್ರದವನು ಕೂಡ, ನಾನು ಹಾಸ್ಯ ಲೇಖಕನೆಂದು ಗೊತ್ತಿಲ್ಲದೆಯೇ ನಕ್ಕ. ಮನೆಗೆ ಬಂದವನು ಹಾಲಿನ ಪಾತ್ರೆ ಇಟ್ಟ ಸಪ್ಪಳಕ್ಕೆ ಸುಮಿತ್ರಾ, "ಯಾಕ್ರೀ, ಹಾಲು ಒಡದೈತೇನು?" ಎಂದಳು.

ಅವತ್ತೇ ನಿಶ್ಚಯ ಮಾಡಿದೆ. ಈ ಮುದುಕ ಇಷ್ಟು ಸಲೀಸಾಗಿ ಬರೆಯಬೇಕಾದರೆ ಎಲ್ಲಿಂದಲೋ ಕದಿಯುತ್ತಿರಬೇಕು. ಕ್ಯಾಲೆಂಡರಿನ ಹಿಂದಿನಿಂದಲೋ, ಯಾವುದೋ ಶಾಲೆಯ ಪುಸ್ತಕದಿಂದಲೋ. ಹಿಡಿದು ತೋರಿಸಬೇಕು. ಮೇಜಿನ ಡ್ರಾಯರಿನಲ್ಲಿದ್ದ ನನ್ನ ಇನ್ನೂರು ಪುಟದ ವಹಿ ತೆಗೆದು, ಪ್ರತಿದಿನ ಬೆಳಿಗ್ಗೆ ಆರೂಕಾಲಿಗೆ ಕೆಳಗಿಳಿದು, ತಾರೀಖು ಹಾಕಿ ಕಾಕಾರ ಸಾಲನ್ನು ಬರೆದುಕೊಳ್ಳತೊಡಗಿದೆ. ಕೆಳಗೆ ನನ್ನ ಟೀಕೆ. 'ಕೋಪ ಬಂದಾಗ ಒಂದು ಲೋಟ ನೀರು ಕುಡಿ.' ಟೀಕೆ: ನಲ್ಲಿ ನಿಂತ ಮೇಲೆ ಕೋಪ ಬಂದರೆ? 'ಬಾವಿ ತೋಡಿದವನಿಗೆ ನೀರು, ಕಾದು ಕೂತವನಿಗೆ ಬಾಯಾರಿಕೆ.' ಟೀಕೆ: ಈ ಮುದುಕನಿಗೆ ನೀರು ಬಿಟ್ಟು ಬೇರೆ ವಿಷಯವಿಲ್ಲ. ಹೀಗೆ. ಮಳೆಯಿರಲಿ, ಜ್ವರವಿರಲಿ ತಪ್ಪಿಸಲಿಲ್ಲ. ಮೂರು ದಿನದ ಮಟ್ಟಿಗೆ ನಾನು ವರ್ಧಾಕ್ಕೆ ಆಫೀಸಿನ ಕೆಲಸಕ್ಕೆ ಹೋದಾಗ ಸುಮಿತ್ರಾಳಿಗೆ ಬರೆದಿಡಲು ಹೇಳಿ ಹೋಗಿದ್ದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು, ಆದರೂ ಬರೆದಿಟ್ಟಳು.

ಹತ್ತೊಂಬತ್ತನೇ ತಾರೀಖು ಬಂತು. ವಹಿ ಹಿಡಿದು ಕೆಳಗಿಳಿದು ಹಲಗೆ ನೋಡಿದವನ ಮೈ ಉರಿದುಹೋಯಿತು. ನಿಮ್ಮ ಅನುಕೂಲಕ್ಕೆ ಕನ್ನಡದಲ್ಲೇ ಹೇಳುತ್ತೇನೆ: 'ಮತ್ಸರ ಇದ್ದವನ ಮನೆಯಲ್ಲಿ ಸಕ್ಕರೆಯೂ ಕಹಿ.' ಇದು ನನಗೇ ಹೇಳಿದ್ದು, ಸಂಶಯವೇ ಇಲ್ಲ! ನಾನು ಬರೆದುಕೊಳ್ಳುವುದನ್ನು ಕಂಡಿದ್ದಾರೆ, ಕಾರಣವನ್ನೂ ಊಹಿಸಿದ್ದಾರೆ, ಊರೆದುರಿಗೆ ಹೀಗೆ ಕಪಾಳಕ್ಕೆ ಬಾರಿಸಿದ್ದಾರೆ. ಅವತ್ತು ಚಹಾದ ಸಕ್ಕರೆಯೂ ನಿಜವಾಗಿಯೇ ಕಹಿಯೆನಿಸಿದ್ದು ನನ್ನ ಸಿಟ್ಟನ್ನು ಇಮ್ಮಡಿ ಮಾಡಿತು. ಒಂದು ವಾರ ಕಾಕಾರ ಮುಖ ನೋಡಲಿಲ್ಲ. ಅವರು ಎಂದಿನಂತೆ "ಕಾಯ್ ಕುಲಕರ್ಣಿ!" ಎಂದು ಕೂಗಿದರೆ ಚಪ್ಪಲಿಯ ಕಡೆ ನೋಡಿಕೊಂಡು ಹೋದೆ.

ಮರು ತಿಂಗಳು, ಮತ್ತೆ ಒಂದು ಬೆಳಿಗ್ಗೆ, ಹಲಗೆಯ ಮೇಲೆ ಅದೇ ಸಾಲು. ಮತ್ಸರ, ಸಕ್ಕರೆ, ಕಹಿ. ಮುದುಕನಿಗೆ ನನ್ನ ಮೇಲೆ ಎಷ್ಟು ಹಗೆ ಎಂದುಕೊಳ್ಳುತ್ತಾ ವಹಿ ತೆರೆದೆ. ತಾರೀಖು ಹತ್ತೊಂಬತ್ತು. ಹಿಂದಿನ ತಿಂಗಳೂ ಹತ್ತೊಂಬತ್ತು. ಟೀಕೆ ಬರೆಯುವ ಉರಿಯಲ್ಲಿ ಅಲ್ಲಿಯವರೆಗೆ ಹಿಂದಿನ ಹಾಳೆ ನೋಡಿರಲೇ ಇಲ್ಲ. ಹಾಳೆ ತಿರುವಿದೆ. ಏಳನೇ ತಾರೀಖಿಗೆ ಅಲ್ಲೂ ಕೋಪ, ಇಲ್ಲೂ ಕೋಪ. ಹನ್ನೊಂದಕ್ಕೆ ಎರಡು ತಿಂಗಳೂ ಬಾವಿ. ಮಹಾನುಭಾವನ ಬಳಿ ಇದ್ದದ್ದು ಒಟ್ಟು ಮೂವತ್ತೊಂದು ಸಾಲು! ಒಂದನೇ ತಾರೀಖಿನಿಂದ ಶುರುಮಾಡಿ ತಿಂಗಳು ಮುಗಿದ ಕೂಡಲೇ ಮತ್ತೆ ಮೊದಲಿನಿಂದ. ನಾನು ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋಗಿ, ಭಾಕರಿ ತಟ್ಟುತ್ತಿದ್ದ ಸುಮಿತ್ರಾಳ ಮುಂದೆ ವಹಿ ಹಿಡಿದೆ.

"ನೋಡು, ನೋಡು! ನಿಮ್ಮ ಕಾಕಾನ ಬಂಡವಾಳ! ಪ್ರತಿ ತಿಂಗಳಾ ಅವೇ ಸಾಲು ಬರೀತಾನ ಮುದುಕ!"

ಅವಳು ಭಾಕರಿ ಹಂಚಿಗೆ ಹಾಕಿ, ನೀರು ಸವರಿ, ಸಾವಕಾಶವಾಗಿ ಹೇಳಿದಳು. "ಅದೇನು ಹೊಸಾದು ಹೇಳಾಕತ್ತೀರಿ? ಓಣಿಗೆಲ್ಲಾ ಗೊತ್ತೈತಿ."

"ಗೊತ್ತೈತಿ? ಗೊತ್ತಿದ್ದೂ ಸುಮ್ಮನದಾರ?"

"ಸುಮ್ಮನ ಯಾಕಿರತಾರ? ಅನುಕೂಲ ಆಗೇತಿ ಎಲ್ಲಾರಿಗೂ. ನೀರು ಕುಡಿ ಅಂತ ಬಂತಂದ್ರ ಏಳನೇ ತಾರೀಖು, ಹಾಲಿನ ಕಾರ್ಡು ಬದಲಿ ಮಾಡಸಬೇಕು. ಮತ್ಸರ ಬಂತಂದ್ರ ಅವತ್ತ ಸಂಜೀಕ ರೇಷನ್ ಅಂಗಡ್ಯಾಗ ಚಿಮಣಿ ಎಣ್ಣಿ ಕೊಡ್ತಾರ. ನಿಮಗ ಇಷ್ಟ ವರ್ಷ ಚಿಮಣಿ ಎಣ್ಣಿ ಹೆಂಗ ಬರ್ತೈತಿ ಅನ್ಕೊಂಡೀರಿ?"

ಆಮೇಲೆ ಅವಳು ಹೇಳಿದ್ದರ ಸಾರ ಇಷ್ಟು. ಎಲ್ಲರ ಮನೆಯಲ್ಲೂ ಕ್ಯಾಲೆಂಡರ್ ಇದೆ, ಆದರೆ ಬಾಗಿಲ ಹಿಂದೆ ನೇತಾಡುವ ಅದನ್ನು ನೀರಿನ ಗಡಿಬಿಡಿಯಲ್ಲಿ ಯಾರು ನೋಡುತ್ತಾರೆ? ಹಲಗೆಯಾದರೆ ಹೋಗುಬರುವಾಗ ಕಣ್ಣಿಗೆ ಬೀಳುತ್ತದೆ. ಮೂವತ್ತೊಂದನೆಯ ಸಾಲಂತೂ ವರ್ಷಕ್ಕೆ ಏಳೇ ಸಲ ಬರುವುದರಿಂದ ಅದನ್ನು ಕಂಡರೆ ಹೆಂಗಸರಿಗೆ ಒಂದು ದಿನ ಹೆಚ್ಚಿಗೆ ಸಿಕ್ಕ ಸಂತೋಷ. ನನಗೆ ಒಂದು ಕಡೆ ಸಮಾಧಾನವಾಯಿತು. ಇನ್ನೂರು ಜನ ಓದುತ್ತಾರೆ ಎಂದು ನಾನು ಕರುಬಿದ್ದೆಲ್ಲ ವ್ಯರ್ಥ, ಅವರು ನೋಡುತ್ತಿದ್ದದ್ದು ತಾರೀಖು. ಇನ್ನೊಂದು ಕಡೆ ಹೊಸ ಉರಿ ಶುರುವಾಯಿತು. ನನ್ನ ಪ್ರಬಂಧಗಳಿಂದ ಯಾರಿಗೂ ಒಂದು ತೊಟ್ಟು ಚಿಮಣಿ ಎಣ್ಣೆಯೂ ಸಿಕ್ಕಿರಲಿಲ್ಲವಲ್ಲ.

ಅಷ್ಟರಲ್ಲಿ ಕಾಕಾರ ಕಣ್ಣಿನಲ್ಲಿ ಮೋತಿಬಿಂದು, ಅಂದರೆ ಪೊರೆ, ಬಲಿತಿತ್ತು. ಆಪರೇಷನ್ ಆಗಿ, ಆಮೇಲೆ ಕಾಮಠಿಯಲ್ಲಿದ್ದ ಮಗಳ ಮನೆಯಲ್ಲಿ ಒಂದೂವರೆ ತಿಂಗಳು ಬಗ್ಗದೆ, ಓದದೆ, ಧೂಳು ತಾಗಿಸಿಕೊಳ್ಳದೆ ಇರಬೇಕೆಂದು ಡಾಕ್ಟರು ಹೇಳಿದ್ದರು. ಹೊರಡುವ ದಿನ, ತಿಂಗಳ ಹದಿನೈದು, ಕಾಕಾ ಸೀಮೆಸುಣ್ಣದ ಡಬ್ಬಿ ಹಿಡಿದು ಮೆಟ್ಟಿಲು ಹತ್ತಿ ನನ್ನ ಮನೆಗೇ ಬಂದರು. ವಾಡೆಯಲ್ಲಿ ಲೇಖಕರು ಎಂದರೆ ನೀವೊಬ್ಬರೇ, ನಾನು ಬರುವವರೆಗೆ ಹಲಗೆ ಖಾಲಿ ಬಿಡಬೇಡಿ ಎಂದರು. ಏನು ಬರೆಯಬೇಕು ಎಂದು ಹೇಳಲಿಲ್ಲ. ಲೇಖಕನಿಗೆ ಅದನ್ನು ಹೇಳಿಕೊಡುವುದು ಅಗೌರವ ಎಂದುಕೊಂಡರೋ ಏನೋ.

ಡಬ್ಬಿ ಕೈಗೆ ಬಂದಾಗ ನನಗಾದ ಹಿಗ್ಗನ್ನು ಹೇಗೆ ಹೇಳಲಿ! ದಿನಾ ಬರೆಯುವ ಕಟ್ಟುಪಾಡು ತಾನಾಗಿಯೇ ಮನೆ ಬಾಗಿಲಿಗೆ ಬಂದಿತ್ತು. ಒಂದೂವರೆ ತಿಂಗಳು, ದಿನಕ್ಕೊಂದು ಸಾಲು, ಎಲ್ಲ ಸ್ವಂತದ್ದು. ಮುದುಕನ ಹಳಸಲು ಮಾತುಗಳ ಜಾಗದಲ್ಲಿ ತಾಜಾ ವಿಚಾರ ಕಂಡು ಓಣಿ ಬೆರಗಾಗಬೇಕು, ಸರದಿಯಲ್ಲಿ ನಕ್ಕವರೆಲ್ಲ ನಾಲಿಗೆ ಕಚ್ಚಿಕೊಳ್ಳಬೇಕು. ಅವತ್ತು ಸಂಜೆ ಸಂಡಿಗೆ ಸರಿಸಿ ಮೇಜಿಗೆ ಕೂತೆ. ಮೂರು ತಾಸು ತಿಣುಕಿ ಒಂದು ಸಾಲು ತಯಾರು ಮಾಡಿದೆ. 'ಮನದ ಅಂಗಳದಲ್ಲಿ ನೆನಪಿನ ರಂಗೋಲಿ ಹಾಕಿದವನೇ ಬದುಕಿನ ಬಾಗಿಲಿಗೆ ಭರವಸೆಯ ತೋರಣ ಕಟ್ಟಬಲ್ಲ.' ಸುಮಿತ್ರಾಳಿಂದ ಮರಾಠಿ ಮಾಡಿಸಿದೆ. ಮಾಡುತ್ತಾ ಅವಳು, "ರಂಗೋಲಿ ಹಾಕೋದು, ತೋರಣ ಕಟ್ಟೋದು, ಎರಡೂ ಗಂಡಸರು ಮಾಡಂಗಿಲ್ಲಲ್ರೀ?" ಎಂದು ಕೇಳಿದಳು. ಸಾಹಿತ್ಯದಲ್ಲಿ ಮಾಡುತ್ತಾರೆ ಎಂದೆ.

ಮರುದಿನ ಆರಕ್ಕೆ ಬರೆದೆ. ಸಾಲು ಹಲಗೆಯಲ್ಲಿ ಹಿಡಿಯದೆ ಕೊನೆಯ ಎರಡು ಪದ ಚೌಕಟ್ಟಿನ ಮೇಲೆ ಹತ್ತಿದವು. ಹೆಬ್ಬಾಗಿಲ ಕಂಬದ ಮರೆಯಲ್ಲಿ ನಿಂತು ಕಾದೆ. ಜನ ಬಂದರು, ಕತ್ತೆತ್ತಿದರು, ಹುಬ್ಬು ಗಂಟಿಕ್ಕಿದರು, ಬೆರಳು ಮಡಚಿ ಏನೋ ಎಣಿಸಿದರು, ಹೋದರು. ಒಬ್ಬ ಮಾತ್ರ ಸೈಕಲ್ ನಿಲ್ಲಿಸಿ ಪೂರ್ತಿ ಓದಿದ. ನನ್ನ ಎದೆ ಉಬ್ಬಿತು. "ಆಜ್ ಜರಾ ಲಾಂಬ್ ಆಹೇ," ಇವತ್ತು ಸ್ವಲ್ಪ ಉದ್ದ ಇದೆ, ಎಂದು ತನಗೆ ತಾನೇ ಹೇಳಿಕೊಂಡು ಪೆಡಲ್ ತುಳಿದ. ಎರಡನೆಯ ದಿನದ ಸಾಲಿಗೆ ಐದು ತಾಸು ಹಿಡಿಯಿತು. ಮೂರನೆಯ ದಿನ ಕಚೇರಿಯಲ್ಲಿ ಇಡೀ ದಿನ ಅದೇ ಯೋಚನೆ ಮಾಡಿ ಒಂದು ಫೈಲನ್ನು ತಪ್ಪು ಇಲಾಖೆಗೆ ಕಳಿಸಿದೆ. ನಾಲ್ಕನೆಯ ದಿನ ಬೆಳಿಗ್ಗೆ, ಸೀಮೆಸುಣ್ಣ ಹಿಡಿದು ಹಲಗೆಯ ಮುಂದೆ ನಿಂತಾಗಲೂ ತಲೆಯಲ್ಲಿ ಏನೂ ಇರಲಿಲ್ಲ. ಕಾಕಾ ಹೀಗೆ ಒಂದು ದಿನವೂ ನಿಂತದ್ದನ್ನು ನಾನು ಕಂಡಿರಲಿಲ್ಲ. ಕಡೆಗೆ 'ಇಂದು ಮೌನವೇ ಸುವಿಚಾರ' ಎಂದು ಬರೆದು ಯಾರೂ ನೋಡುವ ಮೊದಲು ಮೇಲೆ ಓಡಿದೆ.

ಆ ನಾಲ್ಕನೆಯ ದಿನ ಹತ್ತೊಂಬತ್ತನೇ ತಾರೀಖು ಎಂಬುದು ನನಗೆ ಹೊಳೆಯಲೇ ಇಲ್ಲ. ಹಲಗೆಯ ಮೇಲೆ ಮತ್ಸರ ಬರಲಿಲ್ಲ, ಆದ್ದರಿಂದ ವಾಡೆಯಿಂದ ಒಬ್ಬರೂ ರೇಷನ್ ಅಂಗಡಿಗೆ ಹೋಗಲಿಲ್ಲ. ಅಂಗಡಿಯವನು ಉಳಿದ ಎಣ್ಣೆಯನ್ನು ಹಿಂದಿನ ಓಣಿಯವರಿಗೆ ಹಂಚಿ ಬಾಗಿಲೆಳೆದುಕೊಂಡ. ನಮ್ಮ ಮನೆಯ ಲೆಕ್ಕವೂ ಹಲಗೆಯ ಮೇಲೇ ನಿಂತಿತ್ತು, ಹೊಟ್ಟೆಕಿಚ್ಚಿನಿಂದ ಆ ತಾರೀಖನ್ನು ಬಾಯಿಪಾಠ ಮಾಡಿದ್ದವನು ನಾನೊಬ್ಬನೇ. ಮರುದಿನ ಸಂಜೆ ಕಚೇರಿಯಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಮೆಟ್ಟಿಲ ಮೇಲೆ ತಗಡಿನ ಡಬ್ಬಿಗಳ ಸದ್ದಾಯಿತು. ಸಿಂಧೂತಾಯಿ ಮುಂದೆ, ಹಿಂದೆ ಐದಾರು ಹೆಂಗಸರು, ಎಲ್ಲರ ಕೈಯಲ್ಲೂ ಖಾಲಿ ಡಬ್ಬಿ. ಸಿಂಧೂತಾಯಿ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು:

"ಭಾವೋಜಿ, ಮತ್ಸರ ಕುಠೇ ಗೇಲಾ?" ಮತ್ಸರ ಎಲ್ಲಿಗೆ ಹೋಯಿತು?

ನನ್ನ ಜೀವಮಾನದಲ್ಲಿ ಇಂಥ ಪ್ರಶ್ನೆಯನ್ನು ಯಾರೂ ನನಗೆ ಕೇಳಿರಲಿಲ್ಲ. ಎಲ್ಲಿಗೂ ಹೋಗಿಲ್ಲ ತಾಯಿ, ಇಲ್ಲೇ ಇದೆ ಎನ್ನೋಣವೆನಿಸಿತು. ನಾನು ಸ್ವಂತ ವಿಚಾರ, ಹೊಸತನ ಎಂದೆಲ್ಲ ನನ್ನ ಮುರುಕು ಮರಾಠಿಯಲ್ಲಿ ತೊದಲಿದೆ. ಅವಳು ಎಂದಿನಂತೆ ಮೆಲ್ಲಗೆ, ಬಿಡಿಸಿ ಬಿಡಿಸಿ, ಸ್ವಂತ ವಿಚಾರ ಸ್ಟೋವಿಗೆ ಹಾಕಿದರೆ ಉರಿಯುವುದಿಲ್ಲ ಎಂದು ವಿವರಿಸಿದಳು. ನಾಳೆಯಿಂದ ಕಾಕಾನ ಸಾಲುಗಳೇ ಬರಬೇಕು, ಆದರೆ ಅವು ಕಾಕಾನ ತಲೆಯಲ್ಲಿವೆ, ಕಾಕಾ ಕಾಮಠಿಯಲ್ಲಿ ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಮಲಗಿದ್ದಾನೆ, ಈಗೇನು ಮಾಡುವುದು ಎಂದು ಅವರವರಲ್ಲೇ ಮಾತಾಯಿತು. ಒಬ್ಬಳಿಗೆ ಏಳನೆಯದು ನೆನಪಿತ್ತು, ಇನ್ನೊಬ್ಬಳಿಗೆ ಮೂವತ್ತೊಂದನೆಯದು. ಆಗ ಸುಮಿತ್ರಾ ಒಳಗೆ ಹೋಗಿ ನನ್ನ ವಹಿ ತಂದು ಸಿಂಧೂತಾಯಿಯ ಕೈಗಿಟ್ಟಳು.

ಮೂವತ್ತೊಂದು ಸಾಲು, ತಾರೀಖಿನ ಸಮೇತ, ಎರಡು ತಿಂಗಳಿಗೂ ಹೆಚ್ಚು ಕಾಲದ್ದು. ನನ್ನ ಟೀಕೆಗಳೆಲ್ಲ ಕನ್ನಡದಲ್ಲಿದ್ದದ್ದು ನನ್ನ ಪುಣ್ಯ. ಸಿಂಧೂತಾಯಿ ಹಾಳೆ ತಿರುವುತ್ತಾ ಹೋದಳು, ಅವಳ ಕಣ್ಣು ತುಂಬಿದವು. "ಪ್ರತಿಯೊಂದು ಸಾಲಿಗೂ ಕೆಳಗೆ ಅರ್ಥ ಬರೆದಿದ್ದಾರೆ, ನೋಡ್ರೇ! ಕಾಕಾನ ಮೇಲೆ ಎಷ್ಟು ಭಕ್ತಿ!" ಎಂದಳು. ನಾನು ತಲೆ ತಗ್ಗಿಸಿ ನಿಂತೆ. ಅದನ್ನು ಅವರು ವಿನಯವೆಂದುಕೊಂಡರು. ಸುಮಿತ್ರಾ ಮಾತ್ರ ಸೆರಗಿನ ಅಂಚನ್ನು ಬಾಯಿಗೆ ಅಡ್ಡ ಹಿಡಿದುಕೊಂಡಿದ್ದಳು.

ಮರುದಿನದಿಂದ ನಾನು ದಿನಾ ಬರೆದೆ. ಆರಕ್ಕೆ ಸರಿಯಾಗಿ, ಒಂದು ಗಳಿಗೆ ಯೋಚಿಸದೆ, ಒಂದು ಗೀರು ತಿದ್ದದೆ. ಹಾಲಿನ ಕಾರ್ಡುಗಳು ಬದಲಾದವು, ಸ್ಟೋವುಗಳು ಹೊತ್ತಿದವು. ಜನ ನನ್ನನ್ನು ಕಂಡು ಕೈಮುಗಿಯತೊಡಗಿದರು. ಕಾಕಾ ದಪ್ಪ ಕನ್ನಡಕ ಹಾಕಿಕೊಂಡು ವಾಪಸು ಬಂದವರು ಎಲ್ಲ ಕೇಳಿ ತಿಳಿದು ನನ್ನನ್ನು ತಬ್ಬಿಕೊಂಡರು. ಸೀಮೆಸುಣ್ಣದ ಧೂಳು ಕಣ್ಣಿಗೆ ಆಗದು, ಹಲಗೆ ಇನ್ನು ನಿಮ್ಮದೇ ಎಂದರು. ಸಂಪಾದಕರು ಹೇಳಿದ ರೂಢಿ ನನಗೆ ಕೊನೆಗೂ ಕೈಗೂಡಿತ್ತು, ಅದರಲ್ಲಿ ನನ್ನದು ಎನ್ನುವ ಒಂದು ಪದ ಇರಲಿಲ್ಲ ಅಷ್ಟೆ. ಇಲ್ಲಿಗೆ ಮುಗಿದಿದ್ದರೆ ನಾನು ಹೇಗೋ ನುಂಗಿಕೊಳ್ಳುತ್ತಿದ್ದೆ.

ದೀಪಾವಳಿ ಬಂತು. ಮರಾಠಿಯವರಿಗೆ ಫರಾಳದ ಚಕ್ಕುಲಿಯಷ್ಟೇ ದೀಪಾವಳಿ ವಿಶೇಷಾಂಕವೂ ಮುಖ್ಯ. ಒಂದು ಬೆಳಿಗ್ಗೆ ನಾನು ಹಲಗೆ ಬರೆದು ಮೇಲೆ ಬಂದಾಗ, ಸುಮಿತ್ರಾ ಮೇಜಿಗೆ ಒರಗಿ ಅಂಥದೊಂದು ವಿಶೇಷಾಂಕ ಓದುತ್ತಾ ನಗುತ್ತಿದ್ದಳು. ಸಣ್ಣ ನಗೆಯಲ್ಲ, ಭುಜ ಕುಣಿಯುವ, ಕಣ್ಣೊರೆಸಿಕೊಳ್ಳುವ ನಗೆ. ಒಲೆಯ ಮೇಲೆ ಹಾಲು ಉಕ್ಕಿ ಹೋಗಿತ್ತು, ಅವಳಿಗೆ ಗೊತ್ತಿರಲಿಲ್ಲ. ಹದಿನಾಲ್ಕು ವರ್ಷದ ಸಂಸಾರದಲ್ಲಿ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

"ಏನದು?" ಎಂದೆ.

"ಕಾಕಾ ಬರದಾರ್ರೀ," ಎಂದಳು, ಉಸಿರು ಹಿಡಿದುಕೊಂಡು. "ಕಾಮಠಿಯೊಳಗ ಕಣ್ಣು ಕಟ್ಟಿಕೊಂಡು ಮಲಗಿದ್ರಲ್ಲ, ಹೊತ್ತು ಹೋಗವಲ್ಲದು ಅಂತ ದಿನಾ ಮಧ್ಯಾಹ್ನ ಬಾಯಿಲೆ ಹೇಳ್ತಿದ್ರಂತ, ಮಗಳು ಬರಕೊಂತಿದ್ಲಂತ. ನಿಮ್ಮ ಮ್ಯಾಲೇ ಐತ್ರೀ!"

ಪ್ರಬಂಧದ ಹೆಸರು 'ವರಚೇ ಕುಲಕರ್ಣಿ', ಅಂದರೆ ಮಾಳಿಗೆಯ ಮೇಲಿನ ಕುಲಕರ್ಣಿ. ನಿಂತಲ್ಲೇ ಓದಿದೆ. ಗಾಳಿಯಲ್ಲಿ ತಿರುಗುವ ಮೇಜು ಇತ್ತು, ಹಾಲಿನ ಸರದಿ ಇತ್ತು, ಚಪ್ಪಲಿ ನೋಡಿಕೊಂಡು ಹೋಗುವ ನಾನಿದ್ದೆ. ಮುದುಕನಿಗೆ ಎಲ್ಲ ಗೊತ್ತಿತ್ತು. ಪ್ರತಿ ಬೆಳಿಗ್ಗೆ ಕಿಟಕಿಯ ಹಿಂದೆ ನಿಂತು, ನಾನು ಹಲ್ಲು ಕಡಿಯುತ್ತಾ ಬರೆದುಕೊಳ್ಳುವುದನ್ನು ನೋಡಿದ್ದರು. ಕೊನೆಗೆ ಹೀಗೆ ಬರೆದಿದ್ದರು: "ಹನ್ನೊಂದು ವರ್ಷ ಊರೆಲ್ಲ ನನ್ನ ಹಲಗೆಯನ್ನು ನೋಡಿತು. ಓದಿದವನು ಮೇಲಿನ ಕುಲಕರ್ಣಿ ಒಬ್ಬನೇ. ಹೊಟ್ಟೆಕಿಚ್ಚಿನಿಂದ ಓದಿದ, ನಿಜ. ಆದರೆ ಓದಿದ. ಅವನಿಗೆ ಬೇಸರವಾದೀತೆಂದು ಹೊಸ ಸಾಲು ಬರೆಯೋಣವೆಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಕಣ್ಣು ಹೋಯಿತು."

ಎರಡು ಸಲ ಓದಿದೆ. ಕೆಳಗೆ ಹೋಗಿ ಅವರ ಕಾಲು ಮುಟ್ಟಬೇಕು ಎನಿಸಬೇಕಾಗಿತ್ತು, ಒಳ್ಳೆಯವರಿಗೆ ಹಾಗೇ ಅನಿಸುತ್ತದೆ. ನನಗೆ ಅನಿಸಿದ್ದನ್ನು ಸುಳ್ಳಿಲ್ಲದೆ ಹೇಳುತ್ತೇನೆ. ಎಲಾ ಮುದುಕಾ, ಇದು ನಾನು ಬರೆಯಬೇಕಾದ ಪ್ರಬಂಧ! ನನ್ನ ಮೇಜು, ನನ್ನ ಹೆಂಡತಿ, ನನ್ನ ಹೊಟ್ಟೆಕಿಚ್ಚು, ಎಲ್ಲ ನನ್ನವು. ಅವುಗಳ ಮಧ್ಯೆ ವರ್ಷಗಟ್ಟಲೆ ಕೂತಿದ್ದ ನನಗೆ ಕಾಣಲಿಲ್ಲ, ಕಣ್ಣು ಕಟ್ಟಿಕೊಂಡವನಿಗೆ ಕಂಡಿತು. ಸುಮಿತ್ರಾ ಉಕ್ಕಿದ ಹಾಲು ಒರೆಸುತ್ತಾ ಇನ್ನೂ ನಗುತ್ತಲೇ ಇದ್ದಳು. "ಛಲೋ ಬರದಾರ, ಅಲ್ರೀ?" ಎಂದಳು.

"ಬರೋಬರ್ ಐತಿ," ಎಂದೆ. ಅದಕ್ಕಿಂತ ಹೆಚ್ಚಿನ ಹೊಗಳಿಕೆ ನನ್ನ ಬಾಯಿಂದ ಹೊರಡಲಿಲ್ಲ.

ಅವತ್ತೇ ಮೇಜಿನ ಮೇಲಿನದನ್ನೆಲ್ಲ ತೆಗೆಸಿ ಕೂತು, ಇದೇ ಸಂಗತಿಯನ್ನು ಕಾಕಾನಿಗಿಂತ ಚೆನ್ನಾಗಿ ಬರೆದು ತೋರಿಸುತ್ತೇನೆಂದು ಹಟದಿಂದ ಈ ಪ್ರಬಂಧ ಶುರುಮಾಡಿದೆ. ಮುಗಿದದ್ದು ಈಗ, ಎರಡು ವರ್ಷದ ಮೇಲೆ. ಇದನ್ನು ಸುಮಿತ್ರಾ ನಿನ್ನೆ ಓದಿದಳು, ಎರಡು ಕಡೆ ನಕ್ಕಳು. ಯಾವ ಎರಡು ಕಡೆ ಎಂದು ಆಸೆಯಿಂದ ಕೇಳಿದೆ. ಎರಡೂ ಕಾಕಾ ಆಡಿದ ಮಾತುಗಳು.